ಹೆಚ್ಚುವರಿ ತೂಕ

ಅವಳು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೆಸರಿರಲಿಲ್ಲ. ಟೈರ್ ಅಂಗಡಿಗೂ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೂ ನಡುವೆ, ಬೂದು ಬಣ್ಣ ಬಳಿದುಕೊಂಡು, ಯಾರ ಕಣ್ಣಿಗೂ ಬೀಳಬಾರದೆಂದು ಹಟ ತೊಟ್ಟಂತೆ ನಿಂತಿತ್ತು. ಬೋರ್ಡಿಲ್ಲ, ಗೇಟಿನ ಮೇಲೆ ನಂಬರಿಲ್ಲ. ಮುಂಭಾಗದಲ್ಲಿ ಸಾಲಾಗಿ ಕಿಟಕಿಗಳು, ಕಿಟಕಿಗಳಿಗೆ ಕೆನೆಬಣ್ಣದ ಪರದೆಗಳು. ಬಸ್ಸಿನಲ್ಲಿ ಹೋಗುವವರು ನೋಡಿದರೆ ಯಾವುದೋ ಹಳೆಯ ಆಫೀಸು, ಒಳಗೆ ಗುಮಾಸ್ತರು ಆಕಳಿಸುತ್ತ ಕೂತಿದ್ದಾರೆ ಅಂದುಕೊಳ್ಳಬೇಕು. ಪರದೆಯ ಹಿಂದೆ ಇದ್ದದ್ದು ಗೋಡೆ. ಆ ಕಿಟಕಿಗಳ ಗಾಜು ಒರೆಸುವುದೂ ಅವಳದೇ ಕೆಲಸ. ಒಳಗಿನಿಂದ ಯಾರೂ ಹೊರಗೆ ನೋಡದ, ಹೊರಗಿನಿಂದ ಯಾರಿಗೂ ಒಳಗೆ ಕಾಣದ ಗಾಜನ್ನು ಏಣಿ ಹತ್ತಿ ಫಳಫಳ ಹೊಳೆಯುವಂತೆ ಒರೆಸಬೇಕು. ದುಡ್ಡಿದ್ದವರಿಗೆ ಎಂಥೆಂಥ ಹುಚ್ಚು ಹಿಡಿಯುತ್ತದೆ ನೋಡಿ.

ಒಳಗಿದ್ದದ್ದು ಡೇಟಾ ಸೆಂಟರ್. ಅಂದರೆ ಬ್ಯಾಂಕುಗಳ ಲೆಕ್ಕ, ಆಸ್ಪತ್ರೆಗಳ ರಿಪೋರ್ಟು, ಜನ ಮೊಬೈಲಿನಲ್ಲಿ ತೆಗೆದು ಮರೆತ ಫೋಟೋ, ಗಂಡ ಹೆಂಡಿರ ಜಗಳದ ಮೆಸೇಜು, ಎಲ್ಲವೂ ಬೀರುವಿನಷ್ಟು ಎತ್ತರದ ಕಪಾಟುಗಳಲ್ಲಿ ಮಿಣಿಮಿಣಿ ದೀಪ ಹಚ್ಚಿಕೊಂಡು ಕೂತಿರುವ ಜಾಗ. ಎಲ್ಲಿದೆ ಎಂದು ಗೊತ್ತಾದರೆ ಯಾರಾದರೂ ನುಗ್ಗಿಯಾರು, ಬೆಂಕಿ ಇಟ್ಟಾರು, ಕದ್ದಾರು ಎಂಬ ಭಯಕ್ಕೆ ಈ ವೇಷವೆಲ್ಲ. ಭಯ ಸುಳ್ಳಲ್ಲ ಎಂದು ಅವಳೂ ಒಪ್ಪುತ್ತಿದ್ದಳು. ಊರಿನವರ ಗುಟ್ಟೆಲ್ಲ ಒಂದೇ ಕಡೆ ಇದ್ದರೆ ಬೀಗ ಗಟ್ಟಿಯಾಗೇ ಇರಬೇಕಲ್ಲ.

ಕೆಲಸಕ್ಕೆ ಸೇರಿದ ದಿನ ಸೆಕ್ಯುರಿಟಿ ಮುಖ್ಯಸ್ಥ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳಿದ್ದ. ಅವನ ಅಂಗಿ ಯಾವಾಗಲೂ ರಟ್ಟಿನಂತೆ ಬಿರುಸಾಗಿ ನಿಂತಿರುತ್ತಿದ್ದುದರಿಂದ ಕಸ ಗುಡಿಸುವವರೆಲ್ಲ ಬೆನ್ನ ಹಿಂದೆ ಅವನನ್ನು ಇಸ್ತ್ರಿ ಸಾಹೇಬ ಎನ್ನುತ್ತಿದ್ದರು.

"ಎಲ್ಲಿ ಕೆಲಸ ಅಂತ ಯಾರು ಕೇಳಿದ್ರೂ ಗೋದಾಮು ಅನ್ನಬೇಕು. ಮನೆಯವರು ಕೇಳಿದ್ರೂ ಅಷ್ಟೇ."

"ಯಾವ ಗೋದಾಮು ಅಂತ ಕೇಳಿದ್ರೆ ಸಾರ್?"

"ಏನಾದ್ರೂ ಹೇಳಮ್ಮ. ಹಾಸಿಗೆ ದಿಂಬು ಅನ್ನು."

ಅವಳು ಹಾಗೇ ಅಂದಳು. ಬೀದಿಯ ಮಕ್ಕಳು ಅವಳನ್ನು ದಿಂಬಿನಕ್ಕ ಎಂದು ಕರೆಯತೊಡಗಿದರು, ಆ ಹೆಸರೇ ನಿಂತಿತು. ಪೇಚು ಬಂದದ್ದು ಅತ್ತೆಯ ಕಡೆಯಿಂದ. "ಅಷ್ಟು ದೊಡ್ಡ ಗೋದಾಮಲ್ಲಿ ಕೆಲಸ ಮಾಡ್ತೀಯ, ಮನೆಗೊಂದು ದಿಂಬು ತರೋಕಾಗಲ್ವೇನೇ? ಕೆಲಸದವರಿಗೆ ಕಡಿಮೆಗೆ ಕೊಡಲ್ವಾ?" ಎಂದು ಮುದುಕಿ ದಿನಾ ಹಿಡಿದು ಕೂತಳು. ಕೊನೆಗೆ ದಿಂಬಿನಕ್ಕ ಪೇಟೆಯ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಎರಡು ದಿಂಬು ಕೊಂಡು, ಅರ್ಧ ಬೆಲೆಗೆ ಸಿಕ್ಕಿತೆಂದು ಸುಳ್ಳು ಹೇಳಿ ತಂದಳು. ಅತ್ತೆ ಅದನ್ನು ಮೂರು ಮನೆಗೆ ಹೇಳಿಕೊಂಡು ಬಂದಳು. ಆ ಮೂರು ಮನೆಯವರೂ ದಿಂಬು ಕೇಳಿದರು. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನಿಗೆ ಮಾತ್ರ ನಿಜ ಗೊತ್ತಿತ್ತು. "ನಾನು ಹೆಸರು ಬರೆದು ಅನ್ನ ತಿಂತೀನಿ, ನೀನು ಹೆಸರು ಮುಚ್ಚಿ ತಿಂತೀಯ" ಎಂದು ನಗುತ್ತಿದ್ದ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ನಂಬಿದ ಹೆಂಗಸು ಅವಳು. ವರ್ಷಗಟ್ಟಲೆ ಆ ಕಟ್ಟಡದ ಗುಟ್ಟನ್ನು ತನ್ನ ಮನೆಯ ಗುಟ್ಟಿಗಿಂತ ಹೆಚ್ಚಾಗಿ ಕಾಪಾಡಿದಳು. ಅವರು ಅದಕ್ಕೆ ಕೊಟ್ಟ ಬೆಲೆ ಏನು ಎಂಬುದನ್ನು ಹೇಳುವುದಕ್ಕೇ ಈ ಕತೆ.

ಆ ಕಟ್ಟಡದ ಒಳಗೆ ಹೋಗಲು, ಹೊರಗೆ ಬರಲು ಇದ್ದದ್ದು ಒಂದೇ ದಾರಿ, ಅದು ಜೋಡಿ ಬಾಗಿಲು. ಕಾರ್ಡು ತೋರಿಸಿದರೆ ಮೊದಲ ಬಾಗಿಲು ತೆರೆಯುತ್ತದೆ. ಒಳಗೆ ಹೆಜ್ಜೆ ಇಟ್ಟರೆ ಅದು ಹಿಂದೆ ಮುಚ್ಚಿಕೊಳ್ಳುತ್ತದೆ. ಇನ್ನೊಂದು ತೆರೆಯುವ ತನಕ ಮನುಷ್ಯ ಗಾಜಿನ ಡಬ್ಬಿಯೊಳಗೆ ಉಪ್ಪಿನಕಾಯಿ. ಕಾಲ ಕೆಳಗಿನ ನೆಲ ತಕ್ಕಡಿಯ ಹಾಗೆ ತೂಗುತ್ತದೆ. ಒಬ್ಬರ ಕಾರ್ಡಿನಲ್ಲಿ ಇಬ್ಬರು ನುಸುಳಬಾರದು, ಮೈಯಲ್ಲಿ ಏನನ್ನೂ ಬಚ್ಚಿಟ್ಟು ಸಾಗಿಸಬಾರದು ಎಂದು ಆ ಏರ್ಪಾಡು. ಕೆಲಸಕ್ಕೆ ಸೇರಿದಾಗ ಬರೆದುಕೊಂಡ ತೂಕಕ್ಕಿಂತ ತುಸು ಹೆಚ್ಚಾದರೂ ಸರಿ, ಎರಡೂ ಬಾಗಿಲು ಬಿಗಿದುಕೊಂಡು ಒಂದು ಹೆಣ್ಣು ದನಿ ಮಿಠಾಯಿಯಂತೆ ಹೇಳುತ್ತದೆ, "ಒಳಗೆ ಇಬ್ಬರಿದ್ದಾರೆ. ದಯವಿಟ್ಟು ಒಬ್ಬೊಬ್ಬರಾಗಿ ಬನ್ನಿ."

ಒಮ್ಮೆ ದೊಡ್ಡ ಇಂಜಿನಿಯರನಿಗೆ ಹೀಗಾಯಿತು. ರಜೆಗೆ ಹೋಗಿ ಹೊಟ್ಟೆ ಬೆಳೆಸಿಕೊಂಡು ಬಂದಿದ್ದ. ಯಂತ್ರ ಇಬ್ಬರಿದ್ದಾರೆ ಅಂದದ್ದೇ ತಡ, ಹೊರಗಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಬ್ಬರು ಯಾರು ಸಾರ್, ಪರಿಚಯ ಮಾಡಿಸಿ" ಎಂದು ಇಸ್ತ್ರಿ ಸಾಹೇಬನೇ ತಮಾಷೆ ಮಾಡಿದ. ಚಹಾ ಆರುವಷ್ಟರಲ್ಲಿ ಹೊಸ ತೂಕ ಬರೆದುಕೊಂಡು ಕಳಿಸಿದರು. ಅವಳಂಥ ಗುತ್ತಿಗೆಯವರಿಗೆ ಮಾತ್ರ ಹೊಸ ತೂಕ ಬರೆಯುವ ಪದ್ಧತಿ ಇರಲಿಲ್ಲ. ಬಡವರು ದಪ್ಪಗಾಗುವುದುಂಟೇ ಎಂದು ಲೆಕ್ಕ ಹಾಕಿದ್ದರೋ ಏನೋ.

ದಿಂಬಿನಕ್ಕನಿಗೆ ಎರಡು ಬಾರಿ ಬಸಿರು ನಿಂತು, ಇಳಿದುಹೋಗಿತ್ತು. ಎರಡು ಬಾರಿಯೂ ಮೊದಲೇ ಎಲ್ಲರಿಗೂ ಹೇಳಿ ಸಂಭ್ರಮಪಟ್ಟು, ಆಮೇಲೆ ಎಲ್ಲರಿಗೂ ಒಬ್ಬೊಬ್ಬರಾಗಿ ಇಲ್ಲವೆಂದು ಹೇಳಬೇಕಾಗಿ ಬಂದಿತ್ತು. ಅಂಗಡಿಯವನಿಗೆ ಕೂಡ. ಹೋದದ್ದಕ್ಕಿಂತ ಆ ಹೇಳುವುದೇ ಅವಳನ್ನು ಹೆಚ್ಚು ಹಣ್ಣು ಮಾಡಿತ್ತು. ಹಾಗಾಗಿ ಮೂರನೆಯ ಬಾರಿ ಗಂಡ ಹೆಂಡತಿ ತುಟಿ ಹೊಲಿದುಕೊಂಡರು. ಅತ್ತೆಗೆ ಹೇಳಲಿಲ್ಲ, ತವರಿಗೆ ಹೇಳಲಿಲ್ಲ. ತಮ್ಮತಮ್ಮಲ್ಲೇ ಮಾತಾಡುವಾಗಲೂ ಮಗು ಎಂಬ ಮಾತನ್ನು ಬಾಯಿಗೆ ತರುತ್ತಿರಲಿಲ್ಲ. "ಅದು" ಎನ್ನುತ್ತಿದ್ದರು, ಇಲ್ಲವೇ ಸುಮ್ಮನೆ ಹೊಟ್ಟೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಮಂಡಿ ನೋವೆಂದು ನೆವ ಹೇಳಿ ಏಣಿಯ ಕೆಲಸವನ್ನು ಜೊತೆಯವಳಿಗೆ ಬಿಟ್ಟುಕೊಟ್ಟಳು. ದಿಂಬಿನಕ್ಕನ ಮೈಕಟ್ಟು ಅಗಲ, ದಿನಾ ಉಡುವ ಬಟ್ಟೆ ಸಡಿಲ. ಯಾರಿಗೂ ಗೊತ್ತಾಗಲಿಲ್ಲ. ನೀರು ಜಾಸ್ತಿ ಕುಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಅದೊಂದನ್ನು ವ್ರತದಂತೆ ಪಾಲಿಸುತ್ತಿದ್ದಳು.

ಆ ನೀರೇ ಸಿಕ್ಕಿಸಿಹಾಕಿತು. ಬೆಳಿಗ್ಗೆ ಒಳಗೆ ಹೋಗುವಾಗ ತೂಕ ಗೆರೆಯ ಒಳಗೇ ಇತ್ತು. ಮಧ್ಯಾಹ್ನ ಊಟ ಮಾಡಿ, ಬಾಟಲಿಗಟ್ಟಲೆ ನೀರು ಕುಡಿದು, ಸಂಜೆ ಮನೆಗೆ ಹೊರಟು ಜೋಡಿ ಬಾಗಿಲ ನಡುವೆ ನಿಂತಳು. ಬಾಗಿಲು ಬಿಗಿಯಿತು. "ಒಳಗೆ ಇಬ್ಬರಿದ್ದಾರೆ" ಎಂದಿತು ಆ ದನಿ.

ಮೊದಲು ಅವಳಿಗೆ, ಹೆತ್ತ ತಾಯಿಗೆ ಗೊತ್ತಿಲ್ಲದ್ದು ಈ ನೆಲಕ್ಕೆ ಗೊತ್ತಾಯಿತಲ್ಲ ಎಂದು ಒಂದು ಗಳಿಗೆ ಆ ತಕ್ಕಡಿಯ ಮೇಲೆ ಪ್ರೀತಿಯೂ ಬಂತಂತೆ. ಆಮೇಲೆ ಗಾಜಿನ ಆಚೆ ಇಸ್ತ್ರಿ ಸಾಹೇಬ ಓಡಿಬರುವುದು ಕಂಡಿತು. ಈ ಸಲ ಯಾರೂ ನಗಲಿಲ್ಲ. ಒಳಗೆ ಹೋಗುವಾಗ ಸರಿ ಇದ್ದವಳು ಹೊರಗೆ ಬರುವಾಗ ಭಾರವಾಗಿದ್ದಾಳೆ, ಅಂದರೆ ಏನನ್ನೋ ಕದ್ದಿದ್ದಾಳೆ. ಬೇರೆ ಕಡೆ ಯಾರೋ ಹಾರ್ಡ್ ಡಿಸ್ಕನ್ನು ಸೊಂಟಕ್ಕೆ ಕಟ್ಟಿಕೊಂಡು ಪರಾರಿಯಾಗಿದ್ದನಂತೆ. ಆ ಕತೆ ಸಾಹೇಬನ ತಲೆಯಲ್ಲಿತ್ತು.

ಡಬ್ಬಿಯಲ್ಲೇ ನಿಲ್ಲಿಸಿ ಚೀಲ ಸುರಿಸಿದರು. ಚಪ್ಪಲಿ ಬಿಚ್ಚಿಸಿದರು. ತುರುಬು ಬಿಚ್ಚಿಸಿದರು. ಕೆಲಸ ಮುಗಿಸಿ ಹೊರಟವರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ದಿನಾ ಅವಳು ಒರೆಸಿದ ನೆಲದ ಮೇಲೆ ನಡೆದಾಡುವ ಜನ, ಒಬ್ಬರಾದರೂ "ಏ, ಇವಳು ನಮ್ಮವಳು ಕಣ್ರಿ" ಅನ್ನಲಿಲ್ಲ. ಕೊನೆಗೆ ಹೆಂಗಸರನ್ನು ತಪಾಸಣೆ ಮಾಡುವ ಗಾರ್ಡಮ್ಮ ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಸೀರೆ ಸಡಿಲಿಸಲು ಹೇಳಿದಳು. ದಿಂಬಿನಕ್ಕ ಅವಳ ಕೈ ಹಿಡಿದುಕೊಂಡಳು.

"ಅಕ್ಕಾ, ಮುಟ್ಟಬೇಡ. ಐದನೇ ತಿಂಗಳು. ಯಾರಿಗೂ ಹೇಳಿಲ್ಲ ನಾನು."

ಗಾರ್ಡಮ್ಮ ಕೈ ಹಿಂದೆ ತೆಗೆದಳು. ಕೆಟ್ಟವಳಲ್ಲ. ಆದರೆ ಹೊರಗೆ ಹೋಗಿ ಸಾಹೇಬನಿಗೆ ಹೇಳಲೇಬೇಕು, ಹೇಳಿದಳು. ಮೆಲ್ಲಗೇ ಹೇಳಿದಳು. ಆದರೂ ಸಾಲಿನಲ್ಲಿದ್ದವರೆಲ್ಲರಿಗೂ ಕೇಳಿಸಿತು. ಯಾರದೋ ಆಸ್ಪತ್ರೆಯ ರಿಪೋರ್ಟನ್ನು ಐದು ಬೀಗ ಹಾಕಿ, ಸುಳ್ಳು ಕಿಟಕಿ ಕಟ್ಟಿ, ಹೆಸರಿಲ್ಲದ ಮನೆಯಲ್ಲಿ ಬಚ್ಚಿಡುವ ಆ ಜಾಗದಲ್ಲಿ ಒಬ್ಬ ಹೆಂಗಸಿನ ಒಂದು ಗುಟ್ಟಿಗೆ ಜಾಗ ಸಿಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಅಷ್ಟಕ್ಕೇ ಮುಗಿದಿದ್ದರೂ ಅವಳು ನುಂಗಿಕೊಳ್ಳುತ್ತಿದ್ದಳು. ಮುಗಿಯಲಿಲ್ಲ. ಯಂತ್ರ ಕೂಗಿಕೊಂಡ ಮೇಲೆ ಕಾರಣ ತುಂಬಲೇಬೇಕು. ಕಂಪ್ಯೂಟರಿನಲ್ಲಿ ಆರಿಸಿಕೊಳ್ಳಲು ಇದ್ದದ್ದು ಎರಡೇ ಕಾರಣ. ಒಂದು, ಎರಡನೆಯ ವ್ಯಕ್ತಿ. ಇನ್ನೊಂದು, ಬಚ್ಚಿಟ್ಟ ವಸ್ತು. ಬಸಿರಿ ಎಂದು ಬರೆಯಲು ಜಾಗವೇ ಇಲ್ಲ. ಎರಡನೆಯ ವ್ಯಕ್ತಿ ಎಂದು ಒತ್ತಿದರೆ, ಅನುಮತಿ ಇಲ್ಲದವರೊಬ್ಬರು ಒಳಗೆ ಬಂದದ್ದು ಹೇಗೆ ಎಂದು ಮೇಲಿನವರು ಇಸ್ತ್ರಿ ಸಾಹೇಬನನ್ನೇ ಹಿಡಿದು ಕೇಳುತ್ತಾರೆ. ಅವನು ಸ್ವಲ್ಪ ಯೋಚಿಸಿ, ಬಚ್ಚಿಟ್ಟ ವಸ್ತು ಎಂಬುದನ್ನು ಒತ್ತಿದ. ಪಕ್ಕದಲ್ಲಿ ಬರೆದ, "ಹೆಚ್ಚುವರಿ ತೂಕ." ತನ್ನ ಅಂಗಿಗೆ ಒಂದು ಸುಕ್ಕು ಬೀಳಬಾರದೆಂದು ಒಬ್ಬಳ ಬದುಕಿಗೆ ಮಸಿ ಬಳಿದ.

ಮರುದಿನ ಅವಳ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಅವಳನ್ನು ಕೆಲಸಕ್ಕೆ ಕಳಿಸಿದ್ದ ಗುತ್ತಿಗೆದಾರ ಫೋನಿನಲ್ಲಿ, "ನಿನ್ನ ಹೆಸರಿಗೆ ಕೆಂಪು ಗುರುತು ಬಿದ್ದಿದೆಯಮ್ಮ. ಕಳ್ಳತನದ ಅನುಮಾನ. ನಾನಷ್ಟೇ ಅಲ್ಲ, ಇನ್ಯಾರೂ ನಿನ್ನನ್ನ ಒಳಗೆ ಬಿಟ್ಕೊಳ್ಳಲ್ಲ" ಅಂದ. ಆಸ್ಪತ್ರೆ, ಬ್ಯಾಂಕು, ಮಾಲ್, ಒರೆಸುವ ಕೆಲಸ ಇರುವ ಕಡೆಯೆಲ್ಲ ಗುತ್ತಿಗೆದಾರರು ಆ ಗುರುತು ನೋಡುತ್ತಾರೆ. ಕೆಲಸ ಹೋದದ್ದು ಒಂದು ಕಡೆ ಇರಲಿ. ಕಳ್ಳಿ! ದಿಂಬು ಕೂಡ ಪೂರ್ತಿ ಬೆಲೆ ಕೊಟ್ಟು ತಂದವಳು ಅವಳು.

ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕೂತ ಸೊಸೆಯನ್ನು ಅತ್ತೆ ಎಷ್ಟು ಹೊತ್ತು ಸುಮ್ಮನೆ ನೋಡಿಯಾಳು? ಕೇಳಿದಳು. ದಿಂಬಿನಕ್ಕ ಗೋದಾಮಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಮುದುಕಿ ಮೊದಲು ದಿಂಬಿನ ವಿಷಯಕ್ಕೆ ಬಾಯಿ ಬಿಟ್ಟಳು, ಬಸಿರಿನ ಮಾತು ಬಂದಾಗ ಬಾಯಿ ಮುಚ್ಚಿಕೊಂಡಳು. ನನ್ನಿಂದ ಮುಚ್ಚಿಟ್ಟೆಯಾ ಎಂದು ರೇಗುತ್ತಾಳೆಂದು ಸೊಸೆ ಕಾದಳು. ಮುದುಕಿ ಎದ್ದು, ಕಣ್ಣೊರೆಸಿಕೊಂಡು, ಒಂದು ಲೋಟ ಹಾಲು ಕಾಯಿಸಿ ತಂದಿಟ್ಟಳು.

"ಕುಡಿ. ಕುಡಿದ್ಮೇಲೆ ಆ ಬೇವರ್ಸಿ ಎಲ್ಲಿದ್ದಾನೆ ಹೇಳು."

ಇಬ್ಬರೂ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ನೆಗಡಿಯಾಗಿ ಮೂಗು ಕೆಂಪಗಾಗಿದ್ದ ಒಬ್ಬ ಹೆಂಗಸು. ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, "ಎಲ್ಲಮ್ಮ ನೀನು ಕೆಲಸ ಮಾಡ್ತಿದ್ದಿದ್ದು? ಹೆಸರು, ವಿಳಾಸ ಹೇಳು" ಅಂದರು.

ಅದು ದಿಂಬಿನಕ್ಕ ಇಷ್ಟು ವರ್ಷ ನುಂಗಿಕೊಂಡ ಮಾತು. "ಗೋದಾಮು ಮೇಡಂ" ಎಂದುಬಿಟ್ಟಳು. ಅಧಿಕಾರಿ ಗುತ್ತಿಗೆದಾರನಿಗೆ ಫೋನ್ ಮಾಡಿದರು. "ಅವಳೇ ಬರೋದು ಬಿಟ್ಟಿದ್ದಾಳೆ ಮೇಡಂ. ಯಾವ ಜಾಗಕ್ಕೆ ಕಳಿಸಿದ್ದೆ ಅನ್ನೋದನ್ನ ನಾನು ಹೇಳೋ ಹಾಗಿಲ್ಲ" ಅಂದನವನು. ಅಧಿಕಾರಿ ಫೋನಿಟ್ಟು ಮೂಗೊರೆಸಿಕೊಂಡರು.

"ಜಾಗ ಯಾವುದು ಅಂತ ಗೊತ್ತಿಲ್ದೆ ಯಾರ ಮೇಲೆ ದೂರು ತಗೊಳ್ಳಲಮ್ಮ?"

ನೋಡಿ ಹೇಗಿದೆ. ಕಳ್ಳರಿಂದ ತಪ್ಪಿಸಿಕೊಳ್ಳಲು ಅಂತ ಬೋರ್ಡು ಇಡಲಿಲ್ಲ ಅಂದರು, ಒಪ್ಪೋಣ. ಆದರೆ ಬೋರ್ಡಿಲ್ಲದ ಮನೆಯ ಮೇಲೆ ಕಾನೂನಿಗೂ ಬಾಗಿಲು ತಟ್ಟಲಾಗದು ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗೇ ಗೊತ್ತಿತ್ತು.

ಮೆಟ್ಟಿಲಿಳಿಯುತ್ತ ಅತ್ತೆ ನಡುವೆಯೇ ನಿಂತಳು. "ಯಾಕೆ ಹೇಳಲಿಲ್ಲ ನೀನು?"

"ಮಾತು ಕೊಟ್ಟಿದ್ದೆ ಅತ್ತೆ."

"ಯಾರಿಗೆ? ನಿನ್ನ ಸೀರೆಗೆ ಕೈ ಹಾಕಿಸಿದವರಿಗಾ? ನಿನ್ನ ಗುಟ್ಟನ್ನ ಸಂತೆಗೆ ಹಾಕಿದ್ರಲ್ಲ, ಅವರ ಗುಟ್ಟನ್ನ ನೀನು ಸೆರಗಲ್ಲಿ ಕಟ್ಕೊಂಡು ಓಡಾಡು. ನಡಿ ಮೇಲೆ."

ಮೇಲೆ ಹೋದರು. ದಿಂಬಿನಕ್ಕ ಅಧಿಕಾರಿಯ ಮೇಜಿನ ಮುಂದೆ ನಿಂತು ಹೇಳಿದಳು. ಯಾವ ರಸ್ತೆ, ಯಾವ ಟೈರ್ ಅಂಗಡಿ, ಪರದೆಯ ಹಿಂದೆ ಗೋಡೆಯಿರುವ ಕಿಟಕಿ, ಒಳಗಿರುವುದು ಏನು, ಎಲ್ಲ. ದನಿ ತಾನಾಗಿಯೇ ಏರುತ್ತ ಹೋಯಿತು. ಕಚೇರಿಗೆ ಬಂದಿದ್ದ ಹತ್ತಾರು ಜನ ಕತ್ತು ತಿರುಗಿಸಿ ಕೇಳಿದರು. ಒಬ್ಬ, "ಅಯ್ಯೋ, ನಾನು ದಿನಾ ಅಲ್ಲೇ ಟೈರಿಗೆ ಗಾಳಿ ಹಾಕಿಸ್ತೀನಿ" ಎಂದು ಬೆರಗಾದ.

ಅಧಿಕಾರಿ ತಮ್ಮ ಜವಾನನನ್ನು ಆ ಕಟ್ಟಡಕ್ಕೆ ಕಳಿಸಿದರು. ಗೇಟಿನಲ್ಲಿದ್ದವರು, ಇದು ಗೋದಾಮು, ನೀವು ಹೇಳುವ ಹೆಂಗಸನ್ನು ನಾವು ಕಂಡೇ ಇಲ್ಲ, ಅಂಥ ಕೆಲಸ ಇಲ್ಲಿ ನಡೆಯುವುದೇ ಇಲ್ಲ ಎಂದು ಸಾಗಹಾಕಿದರು. ಅಧಿಕಾರಿ ಗುತ್ತಿಗೆದಾರನನ್ನು ಕಚೇರಿಗೆ ಕರೆಸಿದರು, ಅದೇ ಹೊತ್ತಿಗೆ ದಿಂಬಿನಕ್ಕನಿಗೂ ಬರಲು ಹೇಳಿದರು.

ಕರೆದದ್ದು ಗುತ್ತಿಗೆದಾರನನ್ನು ಮಾತ್ರ. ಅವನ ಹಿಂದೆಯೇ ಬಿರುಗಾಳಿಯಂತೆ ನುಗ್ಗಿ ಬಂದವನು ಇಸ್ತ್ರಿ ಸಾಹೇಬ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಹೆಗಲನ್ನು ಹೊತ್ತುಕೊಂಡೇ ಬಂದಿದ್ದ. ಕೂರುವುದಕ್ಕೂ ಮೊದಲೇ ದಿಂಬಿನಕ್ಕನ ಕಡೆ ಬೆರಳು ಮಾಡಿದ.

"ಈಯಮ್ಮ ನಮ್ಮ ಜಾಗದ ಗುಟ್ಟನ್ನ ನಾಲ್ಕು ಜನರ ಮುಂದೆ ಕೂಗಿ ಹೇಳಿದ್ದಾಳೆ. ಕೆಲಸಕ್ಕೆ ಸೇರುವಾಗ ಹೇಳಲ್ಲ ಅಂತ ಸಹಿ ಹಾಕಿದ್ದಾಳೆ. ಇವಳ ಮೇಲೆ ಕೇಸು ಹಾಕ್ತೀವಿ ಮೇಡಂ."

ಅಧಿಕಾರಿ ಕರವಸ್ತ್ರವನ್ನು ಮಡಚಿ ಪಕ್ಕಕ್ಕಿಟ್ಟರು.

"ನೀವು ಯಾರು?"

"ಅಲ್ಲಿನ ಸೆಕ್ಯುರಿಟಿ ಮುಖ್ಯಸ್ಥ."

"ಎಲ್ಲಿನ? ನಿನ್ನೆ ನಿಮ್ಮ ಗೇಟಲ್ಲಿ ಅಂಥ ಜಾಗವೇ ಇಲ್ಲ ಅಂದ್ರಲ್ಲ. ಇಲ್ಲದ ಜಾಗದ ಗುಟ್ಟು ಹೇಗ್ರೀ ಬಯಲಾಯ್ತು? ಕಂಡೇ ಇಲ್ಲದ ಹೆಂಗಸು ಯಾವಾಗ ಬಂದು ನಿಮಗೆ ಸಹಿ ಹಾಕಿದ್ಲು?"

ಇಸ್ತ್ರಿ ಸಾಹೇಬ ಕುರ್ಚಿ ಎಳೆದುಕೊಂಡು ಕೂತ. ಗುತ್ತಿಗೆದಾರ ಚಾವಣಿಯ ಫ್ಯಾನನ್ನು ನೋಡತೊಡಗಿದ. ಅತ್ತೆ ಮಾತ್ರ ಕಿಸಕ್ಕೆಂದು ನಕ್ಕಳು, ನಕ್ಕದ್ದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ.

ಆಮೇಲೆ ಮಾತಿನ ಧಾಟಿ ಬದಲಾಯಿತು. ತಪ್ಪು ತಿಳಿವಳಿಕೆ, ಯಂತ್ರದ ದೋಷ, ಕೆಲಸಕ್ಕೆ ವಾಪಸ್ ತಗೊಳ್ಳೋಣ, ಬಾಗಿಲಾಚೆ ಕೂತು ಮಾಡುವ ಕೆಲಸ ಕೊಡೋಣ, ಎಲ್ಲ ಬೆಣ್ಣೆಯಲ್ಲಿ ಅದ್ದಿ ಅದ್ದಿ ಬಂತು. ಗುಟ್ಟು ಮತ್ತೆ ಯಾರಿಗೂ ಹೇಳಬಾರದು ಅಷ್ಟೇ ಅಂದ ಇಸ್ತ್ರಿ ಸಾಹೇಬ. ಗುತ್ತಿಗೆದಾರ ಒಪ್ಪಿಕೋ ಎಂದು ಅವಳಿಗೆ ಕಣ್ಣು ಮಾಡಿದ.

"ಕೆಲಸ ಆಮೇಲೆ," ಅಂದಳು ದಿಂಬಿನಕ್ಕ. "ಆ ಕೆಂಪು ಗುರುತು ಮೊದಲು ತೆಗೀರಿ. ಇಲ್ಲೇ, ಈಗಲೇ."

ಸಾಹೇಬ ಮೊಬೈಲು ತೆಗೆದ. ಏನೇನೋ ಒತ್ತಿದ. ಆಮೇಲೆ ತಲೆ ತುರಿಸಿಕೊಂಡ. "ತೆಗೆಯೋಕೆ ಕಾರಣ ಬರೀಬೇಕು ಮೇಡಂ. ಹೆಚ್ಚುವರಿ ತೂಕ ಪತ್ತೆಯಾಗಿದೆ, ಏನೂ ತೊಂದರೆ ಇಲ್ಲ ಅಂತ ಬರೀತೀನಿ."

"ಹೆಚ್ಚುವರಿ ತೂಕ ಅಂದ್ರೆ ಏನು ಸಾರ್?" ದಿಂಬಿನಕ್ಕ ಅವನ ಕಡೆ ತಿರುಗಿದಳು. "ಹಾರ್ಡ್ ಡಿಸ್ಕಾ? ಕಲ್ಲಾ? ನಿಮ್ಮ ಗೋದಾಮಿನ ದಿಂಬಾ? ನನ್ನ ಮೈಮೇಲೆ ಇದ್ದಿದ್ದು ಏನು ಅಂತ ನಿಮಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಕಳ್ಳಿ ಅಂತ ಒತ್ತಿದ್ರಿ. ಬಾಯ್ಬಿಟ್ಟು ಹೇಳಿ ಅದು ಏನು ಅಂತ."

ಇಸ್ತ್ರಿ ಸಾಹೇಬ ಅಧಿಕಾರಿಯ ಮುಖ ನೋಡಿದ. ಅವರು ಪೆನ್ನು ಹಿಡಿದು ಕಾಯುತ್ತಿದ್ದರು.

"ಮಗು," ಅಂದ ಅವನು ನೆಲ ನೋಡುತ್ತ.

"ಕೇಳಿಸಲಿಲ್ಲ," ಅಂದಳು ಅತ್ತೆ.

"ಹೊಟ್ಟೇಲಿ ಮಗು ಇದೆ. ಈಯಮ್ಮ ಏನೂ ಕದ್ದಿಲ್ಲ."

ಅಧಿಕಾರಿ ಅದನ್ನು ಅಕ್ಷರ ಬಿಡದೆ ಬರೆದುಕೊಂಡು, ಕೆಳಗೆ ಅವನ ಸಹಿ ಹಾಕಿಸಿಕೊಂಡರು. ಕೆಂಪು ಗುರುತು ಹೋಯಿತೆಂದು ಮೊಬೈಲು ತಿರುಗಿಸಿ ತೋರಿಸಿದ. ಗೆದ್ದಂತಾಯಿತು. ಆದರೆ ದಿಂಬಿನಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನ ಜೊತೆ ಕತ್ತಲಲ್ಲಿ ಕೂಡ ಬಾಯಿ ಬಿಟ್ಟು ಆಡದ ಮಾತು ಅದು; ಅತ್ತೆಗೆ ಹೇಳುವಾಗಲೂ ಬಸಿರು ಎಂದಷ್ಟೇ ಅಂದಿದ್ದಳು. ಎಲ್ಲ ನೆಟ್ಟಗಾಗಿ, ಎದೆಗೆ ಧೈರ್ಯ ಬಂದ ಒಂದು ದಿನ, ಅತ್ತೆಯ ಕೈ ಹಿಡಿದು ಮೊದಲು ಹೇಳಬೇಕೆಂದು ಕೂಡಿಟ್ಟುಕೊಂಡ ಮಾತು. ನಾಲ್ಕು ಜನರ ಮುಂದೆ ಮೊದಲ ಬಾರಿ ಅದನ್ನು ಆಡಿದ್ದು ಇವನ ಬಾಯಿ. ಹಾಗೆ ಆಡಿಸಿದ್ದು ತಾನೇ. ಬೇರೆ ದಾರಿಯನ್ನೇ ಇವರು ಬಿಟ್ಟಿರಲಿಲ್ಲ.

"ಇನ್ನೇನಮ್ಮ, ಎಲ್ಲ ಸರಿಹೋಯ್ತಲ್ಲ?" ಅಂದ ಇಸ್ತ್ರಿ ಸಾಹೇಬ, ಏಳುತ್ತ.

"ಕೆಲಸ ವಾಪಸ್ ಕೊಟ್ರಿ. ಹೆಸರೂ ವಾಪಸ್ ಕೊಟ್ರಿ," ಅಂದಳು ಅವಳು. "ಆ ಮಾತನ್ನ ಮೊದಲು ನಾನು ಹೇಳಬೇಕಿತ್ತು ಸಾರ್. ನಮ್ಮ ಅತ್ತೆಗೆ, ಸಂತೋಷವಾಗಿ. ಅದನ್ನ ಹೇಗೆ ವಾಪಸ್ ಕೊಡ್ತೀರಿ?"

ಅವನು ಅಂಗಿಯ ತೋಳು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದ. ಅತ್ತೆ ಎದ್ದು ಸೊಸೆಯ ಭುಜ ಹಿಡಿದುಕೊಂಡಳು. ಅವನು ಉತ್ತರ ಹೇಳುವ ತನಕ ಅಲ್ಲಿಂದ ಕದಲುವವಳಂತೆ ಅವಳೂ ಕಾಣಲಿಲ್ಲ.